ಕಾಶ್ಮೀರದ ಹಳ್ಳಿಗಳು ಕಲಿಸಿದ ಕಾಮಣಿ ಪಾಠ

ಕಣ್ಣು ಹಳದಿ, ಮೂತ್ರ ಹಳದಿ, ಊಟ ಅಂದರೆ ವಾಕರಿಕೆ. ಅಕ್ಕಲಕೋಟ, ಜತ್ತ ಭಾಗದಲ್ಲಿ ಇದಕ್ಕೆ ಕನ್ನಡದವರು ಕಾಮಣಿ ಅಂತಾರೆ, ಮರಾಠಿಯವರು ಕಾವೀಳ ಅಂತಾರೆ. ಹೆಸರು ಎರಡಾದರೂ ಉಪಾಯ ಒಂದೇ: ಎಲೆ ಔಷಧ, ಪಥ್ಯ, ಎರಡು-ಮೂರು ವಾರ ಕಾಯೋದು. ಹೆಚ್ಚಿನವರು ಗುಣವಾಗುತ್ತಾರೆ ಕೂಡ. ಆದರೆ ಬಸುರಿ ಹೆಣ್ಣುಮಗಳಿಗೆ ಹೀಗೆ ಕಾಯುವುದೇ ಜೀವಕ್ಕೆ ಕುತ್ತಾಗಬಹುದು. ಇದನ್ನು ಲೆಕ್ಕ ಸಮೇತ ಜಗತ್ತಿನ ಮುಂದೆ ಇಟ್ಟವರು ಕಾಶ್ಮೀರದ ವೈದ್ಯ ಡಾ. ಮೊಹಮ್ಮದ್ ಸುಲ್ತಾನ್ ಖುರೂ.

1978ರ ನವೆಂಬರ್‌ನಲ್ಲಿ ಕಾಶ್ಮೀರ ಕಣಿವೆಯಲ್ಲಿ ಕಾಮಣಿ ಹಬ್ಬಿತು. ಸುಮಾರು 200 ಹಳ್ಳಿಗಳು, 6 ಲಕ್ಷ ಜನ. ಅಂದಾಜು 52 ಸಾವಿರ ಮಂದಿಗೆ ರೋಗ ತಗುಲಿ 1,700 ಜನ ತೀರಿಕೊಂಡರು. ಖುರೂ ಅವರ ತಂಡ ಆಸ್ಪತ್ರೆಯಲ್ಲೇ ಕೂಡದೆ ಹಳ್ಳಿಗಳಿಗೆ ಹೋಗಿ ಸಮೀಕ್ಷೆ ಮಾಡಿತು. ಒಂದೇ ಮೂಲದ ನೀರು ಕುಡಿದವರಲ್ಲಿ ರೋಗ ಹೆಚ್ಚು, ಬೇರೆ ನೀರು ಇದ್ದವರಲ್ಲಿ ಕಡಿಮೆ ಎಂಬುದು ಅಲ್ಲಿ ಗೊತ್ತಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಹೆಪಟೈಟಿಸ್ 'ಎ'ಯೂ ಅಲ್ಲ, 'ಬಿ'ಯೂ ಅಲ್ಲ. ಹಾಗಾದರೆ ಇದು ಯಾವುದು? ನೀರಿನಿಂದ ಬರುವ ಇನ್ನೊಂದು ವೈರಸ್ ಇರಬೇಕು ಎಂದು ಅವರು 1980ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬರೆದರು.

ಪುಣೆಯಲ್ಲೂ ಅದೇ ಉತ್ತರ

ಅದೇ ವರ್ಷ ನಮ್ಮ ಪುಣೆಯ ವೈರಾಲಜಿ ಸಂಸ್ಥೆಯ ವಿಜ್ಞಾನಿಗಳು ಅಮೆರಿಕದವರ ಜೊತೆ ಸೇರಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥದೇ ವಿಷಯ ಪ್ರಕಟಿಸಿದರು. 1955-56ರ ದಿಲ್ಲಿ ಕಾಮಣಿ ಕಾಲದ ರಕ್ತದ ಮಾದರಿಗಳನ್ನು ಜೋಪಾನ ಮಾಡಿ ಇಡಲಾಗಿತ್ತು. ಪರೀಕ್ಷಿಸಿದಾಗ ಅಲ್ಲೂ 'ಎ' ಇಲ್ಲ, 'ಬಿ' ಇಲ್ಲ. 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ರೋಗಿಗಳ ಮಲದಿಂದ ತೆಗೆದ ದ್ರವವನ್ನು ತಾವೇ ಕುಡಿದು, ಕಾಮಣಿ ಬರಿಸಿಕೊಂಡು, ಸೂಕ್ಷ್ಮದರ್ಶಕದಲ್ಲಿ ಆ ವೈರಸ್ಸನ್ನು ಕಂಡರು. ಈಗ ಅದರ ಹೆಸರು ಹೆಪಟೈಟಿಸ್ 'ಇ'.

ಬಸುರಿಯರ ಲೆಕ್ಕ

ಖುರೂ ಅವರ 1981ರ ಪ್ರಬಂಧ ಎಲ್ಲ ಮನೆಯವರೂ ತಿಳಿಯಬೇಕಾದ್ದು. ಅವರು ನೋಡಿದ 208 ಬಸುರಿಯರಲ್ಲಿ 36 ಮಂದಿಗೆ ಕಾಮಣಿ ಆಗಿತ್ತು, ಅಂದರೆ ನೂರಕ್ಕೆ 17. ಬಸುರಿಯಲ್ಲದ 3,350 ಹೆಂಗಸರಲ್ಲಿ 71 ಮಂದಿಗೆ, ಅಂದರೆ ನೂರಕ್ಕೆ ಬರೀ ಎರಡು. ಆ 36 ಜನರಲ್ಲಿ 8 ಮಂದಿಯ ಲಿವರ್ ಕೆಲಸವನ್ನೇ ನಿಲ್ಲಿಸಿತು. ಈ 71 ಜನರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಕೊನೆಯ ಮೂರು ತಿಂಗಳಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು. ಈ ರೋಗ ತಾಯಿಯಿಂದ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ ಎಂದು 1995ರಲ್ಲಿ ಅವರ ತಂಡ 'ಲ್ಯಾನ್ಸೆಟ್'ನಲ್ಲಿ ವರದಿ ಮಾಡಿತು.

ಅವರ ಉಳಿದ ಪ್ರಬಂಧಗಳನ್ನು ನೋಡಿದರೂ ಬಡವರ ರೋಗಗಳೇ ಕಾಣುತ್ತವೆ. ಜಂತುಹುಳ ಪಿತ್ತನಾಳಕ್ಕೆ ನುಗ್ಗಿ ಕೊಡುವ ತೊಂದರೆ ಬಗ್ಗೆ 1990ರಲ್ಲಿ ಬರೆದರು. ಕುರಿ-ನಾಯಿ ಇರುವ ಕಡೆ ಮನುಷ್ಯರ ಲಿವರ್‌ನಲ್ಲಿ ಬೆಳೆಯುವ ಹೈಡಾಟಿಡ್ ಗಂಟಿನ ಬಗ್ಗೆ 1997ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬರೆದರು. 50 ರೋಗಿಗಳಲ್ಲಿ ಅರ್ಧ ಜನರಿಗೆ ಆಪರೇಶನ್, ಅರ್ಧ ಜನರಿಗೆ ಸೂಜಿ ಹಾಕಿ ನೀರು ತೆಗೆಯುವ ವಿಧಾನ. ಸೂಜಿ ಹಾಕಿಸಿಕೊಂಡವರು ಸರಾಸರಿ 4 ದಿನಕ್ಕೆ ಮನೆಗೆ ಹೋದರು, ಆಪರೇಶನ್ ಆದವರು ಸುಮಾರು 13 ದಿನ ಆಸ್ಪತ್ರೆಯಲ್ಲಿದ್ದರು. ಕೂಲಿ ಮಾಡುವವನಿಗೆ ಈ 9 ದಿನಗಳ ಬೆಲೆ ಏನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾವು ಮಾಡಬೇಕಾದ್ದು

ಹೆಪಟೈಟಿಸ್ 'ಇ' ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. ಎಲೆ ಔಷಧಕ್ಕೆ ಹೆಸರು ಬರುವುದೂ ಇದರಿಂದಲೇ. ಆದರೆ ಬಸುರಿಯ ವಿಷಯದಲ್ಲಿ ಈ ನಂಬಿಕೆ ಮೇಲೆ ಕೂಡಬಾರದು. ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ 'ಬಿ' ಲಸಿಕೆ 'ಇ'ಯನ್ನು ತಡೆಯುವುದಿಲ್ಲ. 'ಇ'ಗೆ ಚೀನಾ 2011ರಲ್ಲೇ ಲಸಿಕೆಗೆ ಒಪ್ಪಿಗೆ ಕೊಟ್ಟಿದ್ದರೂ ನಮ್ಮ ಸರಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಅದು ಇಲ್ಲ. ಹೀಗಾಗಿ ಉಳಿದಿರುವುದು ನೀರಿನ ಕಾಳಜಿ. ಮಳೆಗಾಲದಲ್ಲಿ, ಪೈಪು ಒಡೆದು ಚರಂಡಿ ನೀರು ಸೇರಿದಾಗ, ಎಲ್ಲಿಯದೆಂದು ಗೊತ್ತಿಲ್ಲದ ಟ್ಯಾಂಕರ್ ನೀರು ಬಂದಾಗ ಕುದಿಸಿ ಆರಿಸಿಯೇ ಕುಡಿಯಬೇಕು. ಬಸುರಿ ಹೆಣ್ಣುಮಗಳ ಕಣ್ಣು ಹಳದಿ ಕಂಡರೆ ಪಥ್ಯ ಶುರು ಮಾಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.