ಮೂಲವಸ್ತುಗಳ ಮನೆತನಗಳು

ಮೂಲವಸ್ತುಗಳ ಹೆಸರುಗಳನ್ನು ಕಂಠಪಾಠ ಮಾಡುವುದರಿಂದ ಹೆಣ್ಣುಮಕ್ಕಳಿಗೇನು ಪ್ರಯೋಜನವೆಂದು ಪಾಲಕರಲ್ಲಿ ಕೆಲವರು ಕೇಳುವುದುಂಟು. ಬರಿಯ ಕಂಠಪಾಠದಿಂದ ಪ್ರಯೋಜನವಿಲ್ಲವೆಂಬುದು ನಿಜವೇ. ಆದರೆ ಆವರ್ತ ಕೋಷ್ಟಕವು ಕಂಠಪಾಠಕ್ಕಾಗಿ ಹುಟ್ಟಿದುದಲ್ಲ.

ಇಂದು ತಿಳಿದಿರುವ 118 ಮೂಲವಸ್ತುಗಳು ಅದರಲ್ಲಿ ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನುಗಳ ಎಣಿಕೆಯ ಕ್ರಮದಲ್ಲಿ 7 ಅಡ್ಡಸಾಲುಗಳಾಗಿ ನಿಂತಿವೆ. ಹೀಗೆ ಎಣಿಸುತ್ತ ಹೋದಂತೆ, ಒಮ್ಮೆ ಕಂಡ ಗುಣಗಳು ಕೆಲವು ಮನೆಗಳ ತರುವಾಯ ಮರಳಿ ಕಾಣಿಸುತ್ತವೆ. ಸಮಾನಗುಣವುಳ್ಳವು ಒಂದರ ಕೆಳಗೊಂದು ಬಂದು 18 ಕಂಬಸಾಲುಗಳಾಗುತ್ತವೆ. ಆಲಮೇಲದ ಮನೆಯೊಳಗಿನ ಕೊಡದ ತಾಮ್ರ, ಕಡಗದ ಬೆಳ್ಳಿ, ಹಟ್ಟಿಯ ಗಣಿಯ ಬಂಗಾರ, ಈ ಮೂರೂ 11ನೆಯ ಕಂಬಸಾಲಿನ ಒಂದೇ ಮನೆತನ. ಬಡಿದರೆ ತಗಡಾಗುವುದೂ ಎಳೆದರೆ ತಂತಿಯಾಗುವುದೂ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದೂ ಇವುಗಳ ಸಮಾನಗುಣಗಳು.

1869ರಲ್ಲಿ ರಷ್ಯಾ ದೇಶದ ಮೆಂಡಲೀಫರು ಪರಮಾಣುಭಾರವನ್ನು ಹಿಡಿದು ಕೋಷ್ಟಕವನ್ನು ರಚಿಸಿದಾಗ 63 ಮೂಲವಸ್ತುಗಳು ಮಾತ್ರ ತಿಳಿದಿದ್ದವು. ಗುಣವು ಹೊಂದದೆಡೆ ಅವರು ಮನೆಯನ್ನು ಬರಿದಾಗಿಯೇ ಬಿಟ್ಟರು. ಸಿಲಿಕಾನಿನ ಕೆಳಗಿನ ಬರಿದು ಮನೆಗೆ ಸಂಸ್ಕೃತದ ‘ಏಕ’ ಶಬ್ದವನ್ನು ಸೇರಿಸಿ ‘ಏಕಸಿಲಿಕಾನ್’ ಎಂದು ಹೆಸರಿಟ್ಟು, ಅಲ್ಲಿಗೆ ಬರತಕ್ಕ ವಸ್ತುವಿನ ಭಾರವು ಸುಮಾರು 72 ಎಂದು ನುಡಿದರು. 1886ರಲ್ಲಿ ದೊರೆತ ಜರ್ಮೇನಿಯಮ್ ಆ ಮಾತನ್ನು ನಿಜಗೊಳಿಸಿತು.

ಕ್ರಮವನ್ನರಿತವಳು ಕಾಣದುದನ್ನೂ ಊಹಿಸಬಲ್ಲಳು. ತಿಳಿಯದೆಡೆಯನ್ನು ಬರಿದಾಗಿಟ್ಟು ತಾಳ್ಮೆಯಿಂದ ಕಾಯಬಲ್ಲಳು. ನಮ್ಮ ಹುಡುಗಿಯರು ಈ ಪಾಠದಿಂದ ಪಡೆಯಬೇಕಾದ ಪ್ರಯೋಜನವು ಇದೇ.