ನೋವಿನ ನೆಲೆ, ಅಂಗದ ಹೆಸರು

ಮೂಡಿಗೆರೆ, ಕಳಸದ ಸೀಮೆಯಿಂದ ಬರುವ ರೋಗಿಗಳು ನಮ್ಮೊಡನೆ ಮೊದಲು ಆಡುವ ಮಾತು ಹೆಚ್ಚಾಗಿ ಒಂದೇ: ‘ನರ ಹಿಡಿದುಕೊಂಡಿದೆ.’ ಕಾಫಿ ಮೂಟೆ ಹೊತ್ತವರ ಸೊಂಟನೋವೂ ನರ, ಮೀನಖಂಡದಲ್ಲಿ ನೀಲಿಯಾಗಿ ಉಬ್ಬಿದ ರಕ್ತನಾಳವೂ ನರ, ಇಳಿಜಾರಿನಲ್ಲಿ ಜಾರಿ ಉಳುಕಿದ ಪಾದದ ಗಂಟೂ ನರ. ಈ ಮೂರೂ ಬೇರೆ ಬೇರೆ ರಚನೆಗಳು; ಇವುಗಳ ಚಿಕಿತ್ಸೆಯೂ ಬೇರೆ. ಆದುದರಿಂದ ದೇಹದ ರಚನೆಯನ್ನೂ ಅಂಗಗಳ ಹೆಸರುಗಳನ್ನೂ ಸ್ಥೂಲವಾಗಿಯಾದರೂ ತಿಳಿದಿರುವುದು ಎಲ್ಲರಿಗೂ ಹಿತಕರ.

ಆಯುರ್ವೇದವು ದೇಹವನ್ನು ಷಡಂಗವೆಂದು ಕರೆಯುತ್ತದೆ. ಎರಡು ಕೈ, ಎರಡು ಕಾಲು, ನಡುವಿನ ಮುಂಡ ಮತ್ತು ಶಿರಸ್ಸು, ಇವೇ ಆ ಆರು ಅಂಗಗಳು. ಸುಶ್ರುತಾಚಾರ್ಯರು ಶವವನ್ನು ಹರಿಯುವ ನೀರಿನಲ್ಲಿ ಏಳು ದಿನ ಇರಿಸಿ, ಬಳಿಕ ಲಾವಂಚದ ಬೇರು ಮೊದಲಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ ಪದರಪದರವಾಗಿ ನೋಡುವ ಕ್ರಮವನ್ನು ಹೇಳಿದ್ದಾರೆ. ಅವರ ಲೆಕ್ಕದಲ್ಲಿ ಮೂಳೆಗಳು 300, ಚರಕಸಂಹಿತೆಯಲ್ಲಿ 360, ಇಂದಿನ ಲೆಕ್ಕದಲ್ಲಿ ವಯಸ್ಕರಿಗೆ 206. ಹಿಂದಿನವರು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ, ಚರಕರು ಉಗುರುಗಳನ್ನೂ ಮೂಳೆಗಳೊಡನೆ ಎಣಿಸಿದ್ದರಿಂದ ಸಂಖ್ಯೆಗಳು ಬೇರೆಯಾಗಿವೆ.

ಆಧುನಿಕ ಶಾಸ್ತ್ರವು ದೇಹದ ವ್ಯವಸ್ಥೆಯನ್ನು ಮೆಟ್ಟಿಲುಗಳಂತೆ ವಿವರಿಸುತ್ತದೆ. ಜೀವಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಒಂದೇ ಕಾರ್ಯಕ್ಕೆ ದುಡಿಯುವ ಅಂಗಗಳು ಸೇರಿ ಅಂಗವ್ಯೂಹ. ಜಠರವೊಂದು ಅಂಗ, ಬಾಯಿಯಿಂದ ಗುದದವರೆಗಿನ ಮಾರ್ಗವೂ ಅದಕ್ಕೆ ನೆರವಾಗುವ ಯಕೃತ್ತು ಮೊದಲಾದವೂ ಕೂಡಿ ಜೀರ್ಣಾಂಗವ್ಯೂಹ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳ ವಿಚಾರವು ಇದಕ್ಕೆ ಸಮೀಪವಾದರೂ ಪೂರ್ಣವಾಗಿ ಅದೇ ಅಲ್ಲ. ಒಂದು ಧಾತುವಿನಿಂದ ಮುಂದಿನದು ಪೋಷಣೆ ಪಡೆಯುವ ಕ್ರಮವನ್ನು ಅದು ಮುಖ್ಯವಾಗಿ ಹೇಳುತ್ತದೆ.

ಮುಂಡದೊಳಗೆ ಎರಡು ಮುಖ್ಯ ಕೋಣೆಗಳಿವೆ. ನಡುವೆ ಛಾವಣಿಯಂತೆ ಬಾಗಿದ ವಪೆ ಎಂಬ ಮಾಂಸದ ಪರದೆಯಿದೆ. ಅದರ ಮೇಲೆ ಶ್ವಾಸಕೋಶಗಳು ಮತ್ತು ಹೃದಯ. ಕೆಳಗೆ ಬಲಪಕ್ಕೆಯ ಮರೆಯಲ್ಲಿ ಯಕೃತ್ತು ಹಾಗೂ ಪಿತ್ತಕೋಶ, ಎಡಪಕ್ಕೆಯ ಮರೆಯಲ್ಲಿ ಜಠರ ಹಾಗೂ ಪ್ಲೀಹ, ಬೆನ್ನಿನ ಕಡೆ ಎರಡು ಮೂತ್ರಪಿಂಡಗಳು, ಹೊಕ್ಕುಳಿನ ಸುತ್ತ ಸಣ್ಣಕರುಳು, ಕಿಬ್ಬೊಟ್ಟೆಯ ಬಲಬದಿಗೆ ಅಪೆಂಡಿಕ್ಸ್. ಎಡ, ಬಲ ಎಂದರೆ ಯಾವಾಗಲೂ ರೋಗಿಯ ಎಡಬಲಗಳೇ ಹೊರತು ನೋಡುವವರದಲ್ಲ.

ಹೃದಯವು ಪೂರ್ಣವಾಗಿ ಎಡಕ್ಕಿದೆಯೆಂಬುದು ಸಾಮಾನ್ಯ ನಂಬಿಕೆ. ಅದು ಎದೆಯ ನಡುವೆಯೇ ಇದ್ದು ತುದಿ ಮಾತ್ರ ಎಡಕ್ಕೆ ವಾಲಿದೆ. ಅದು ವಪೆಯ ಮೇಲೆಯೇ ಕುಳಿತಿದ್ದು, ಜಠರವು ವಪೆಯ ಕೆಳಗೇ ಇರುವುದರಿಂದ ಹೃದಯದ ನೋವು ಹಲವೊಮ್ಮೆ ಮೇಲ್ಹೊಟ್ಟೆಯ ನೋವಿನಂತೆ ತೋರುತ್ತದೆ. ಎದೆಯ ನಡುವೆ ಒತ್ತಿದಂತಾಗಿ ನೋವು ಭುಜಕ್ಕೋ ದವಡೆಗೋ ಹರಡಿ, ಬೆವರು ಕಿತ್ತುಬಂದರೆ ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕುಡಿದು ಮಲಗಬಾರದು. ಆ ಹೊತ್ತಿಗೆ ಆಯುರ್ವೇದ ಚಿಕಿತ್ಸಾಲಯಕ್ಕೂ ಬರಬೇಡಿರಿ. ನೇರವಾಗಿ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೇ ತೆರಳಿರಿ.

ಇನ್ನು ಗೊಂದಲ ಹುಟ್ಟಿಸುವ ಪದಗಳು. ಮಿದುಳು, ಬೆನ್ನುಹುರಿಗಳಿಂದ ಹೊರಟು ಸಂವೇದನೆಯನ್ನೂ ಚಲನೆಯ ಆಜ್ಞೆಯನ್ನೂ ಒಯ್ಯುವುದು ನರ. ಹೃದಯದಿಂದ ರಕ್ತವನ್ನು ಒಯ್ಯುವುದು ಧಮನಿ (ಅಪಧಮನಿ), ಹೃದಯಕ್ಕೆ ಮರಳಿಸುವುದು ಸಿರೆ (ಅಭಿಧಮನಿ). ಶಾಲಾಪುಸ್ತಕದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಸಂಹಿತೆಗಳಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು, ಸ್ನಾಯುವೆಂದರೆ ಕಟ್ಟುವ ನಾರು. ಶಾಲಾಪುಸ್ತಕದ ಗುಲ್ಮವು ಪ್ಲೀಹವೆಂಬ ಅಂಗ. ಆಯುರ್ವೇದದ ಗುಲ್ಮವು ಹೊಟ್ಟೆಯಲ್ಲಿ ಗಂಟಿನಂತೆ ತೋರುವ ರೋಗ. ಆದ್ದರಿಂದ ಚೀಟಿಯಲ್ಲಿ ಈ ಪದಗಳನ್ನು ಕಂಡಾಗ ಬರೆದವರನ್ನೇ ಕೇಳಿ ಅರ್ಥ ತಿಳಿಯುವುದು ಲೇಸು.

‘ಕಾಲು ಊದಿದೆ’ ಎಂದಷ್ಟೇ ಹೇಳಿದರೂ ಸಾಲದು. ಎರಡೂ ಪಾದಗಳು ಸಮನಾಗಿ ಊದಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ಕಡೆ ಗಮನ ಹರಿಯುತ್ತದೆ. ಒಂದೇ ಕಾಲಿನ ಮೀನಖಂಡ ಹಠಾತ್ತನೆ ಊದಿ ನೋಯುತ್ತಿದ್ದರೆ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ ಮೂಡುತ್ತದೆ. ಅದನ್ನು ತಿಕ್ಕುವುದು ಅಪಾಯ.

ಈ ಜ್ಞಾನದ ನಿಜವಾದ ಪರೀಕ್ಷೆ ನಡೆಯುವುದು ತೋಟದಲ್ಲಿ. ಮರಗಸಿ ಮಾಡುವಾಗಲೋ ಸಿಲ್ವರ್ ಮರಕ್ಕೆ ಏಣಿಯಿಟ್ಟು ಕಾಳುಮೆಣಸು ಕೊಯ್ಯುವಾಗಲೋ ಜನರು ಬೀಳುವುದುಂಟು. ಬೆನ್ನೆಲುಬಿನಲ್ಲಿ ಕುತ್ತಿಗೆಗೆ 7, ಎದೆಯ ಹಿಂಬದಿಗೆ 12, ಸೊಂಟಕ್ಕೆ 5 ಕಶೇರುಗಳಿವೆ. ಅದರ ಕೆಳಗಿನವು ಬೆಸೆದುಕೊಂಡಿವೆ. ಅವುಗಳೊಳಗೆ ಬೆನ್ನುಹುರಿ ಸಾಗುತ್ತದೆ. ಕುತ್ತಿಗೆಯಲ್ಲಿ ಹುರಿಗೆ ಪೆಟ್ಟಾದರೆ ಕೈಕಾಲುಗಳೆರಡೂ, ಬೆನ್ನಿನ ಕೆಳಭಾಗದಲ್ಲಾದರೆ ಕಾಲುಗಳು ಸ್ವಾಧೀನ ತಪ್ಪಬಹುದು. ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎತ್ತಿ ಜೀಪಿನಲ್ಲಿ ಕೂರಿಸಿದರೆ, ಮೂಳೆ ಮಾತ್ರ ಮುರಿದಿದ್ದಲ್ಲಿ ಹುರಿಗೂ ಗಾಯವಾದೀತು. ಮಲಗಿದ್ದಲ್ಲಿಯೇ ಕೈಬೆರಳು, ಕಾಲ್ಬೆರಳುಗಳನ್ನು ಆಡಿಸಲು ಹೇಳಿರಿ. ಮುಟ್ಟಿದ್ದು ತಿಳಿಯುವುದೇ ಎಂದು ಕೇಳಿರಿ. 108ಕ್ಕೆ ಕರೆಮಾಡಿ ಆ ಉತ್ತರವನ್ನೇ ತಿಳಿಸಿರಿ. ಸಾಗಿಸಲೇಬೇಕಾದರೆ ನಾಲ್ಕಾರು ಮಂದಿ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಅಗಲವಾದ ಹಲಗೆಯ ಮೇಲೆ ಮಲಗಿಸಿರಿ.

ಘಟ್ಟದ ತಿರುವುಗಳನ್ನು ದಾಟಿ ದೊಡ್ಡ ಆಸ್ಪತ್ರೆಯನ್ನು ತಲುಪಲು ನಮ್ಮವರಿಗೆ ಬಹಳ ಹೊತ್ತು ಹಿಡಿಯುತ್ತದೆ. ರೋಗಿಗಿಂತ ಮುಂಚೆ ಅಲ್ಲಿಗೆ ತಲುಪಬಲ್ಲುದು ಮಾತೊಂದೇ. ಎಲ್ಲಿ ನೋವು, ಯಾವ ಬದಿ, ಯಾವಾಗಿನಿಂದ, ಎಲ್ಲಿಗೆ ಹರಡುತ್ತಿದೆ ಎಂಬ ನಾಲ್ಕು ವಿಷಯಗಳನ್ನು ಸ್ಪಷ್ಟವಾಗಿ ಹೇಳಲು ಮನೆಯ ಹಿರಿಯರೂ ಮಕ್ಕಳೂ ಕಲಿಯಲಿ.