ಅರ್ಧಕ್ಕೇ ಮರಳುವ ಕರೆ

ಬೀದರಿನ ಗುರು ನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿರಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಿರಲಿ, ಯುನಿಕ್ಸ್ ಪ್ರೋಗ್ರಾಮಿಂಗ್ ಕಲಿಯುವವರಿಗೆ ‘ಇ-ಇಂಟರ್’ (EINTR) ಎಂಬ ಎರರ್ ಇಂದಲ್ಲ ನಾಳೆ ಎದುರಾಗುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ನೆಟ್‌ವರ್ಕ್ ಕಡಿದಿರುವುದಿಲ್ಲ. ರೀಡ್ ಎಂಬ ಸಿಸ್ಟಂ ಕರೆ ಡೇಟಾಕ್ಕೆ ಕಾಯುತ್ತಿದ್ದಾಗ ಸಿಗ್ನಲ್, ಅಂದರೆ ಪ್ರೋಗ್ರಾಮಿಗೆ ನಡುವೆ ಬರುವ ಸೂಚನೆ, ಬಂದಿರುತ್ತದೆ; ಕರೆ ಕೆಲಸ ಮುಗಿಸದೆ ಎರರ್ ಹೇಳಿ ಮರಳಿರುತ್ತದೆ. ಔರಾದಿನ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ತೂಗಲು ಹೊರಟ ಸಾವಕಾರರು ಫೋನ್ ಮುಗಿಸಿ ಬಂದು, ‘ಏನ್ ಬೇಕಂದ್ರಿ? ಮತ್ತೊಮ್ಮೆ ಹೇಳ್ರಿ’ ಎಂದಂತೆ.

ಹೀಗೆ ಮರಳಿಸುವುದು ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಆರಿಸಿಕೊಂಡ ದಾರಿ. ಎಂಐಟಿಯ ಐಟಿಎಸ್ ವ್ಯವಸ್ಥೆ ತಡೆಬಿದ್ದ ಕರೆಯನ್ನು ತಾನೇ ಹಿಂದಕ್ಕೆ ಒಯ್ದು ಮತ್ತೆ ಆರಂಭಿಸುತ್ತಿತ್ತು. ಯುನಿಕ್ಸ್ ಕರ್ನಲನ್ನು ಸರಳವಾಗಿಟ್ಟು, ಮತ್ತೆ ಕರೆಯುವ ಹೊಣೆಯನ್ನು ಪ್ರೋಗ್ರಾಮರ್ ತಲೆಗೆ ಕಟ್ಟಿತು. ಈ ಎರಡು ಮನೋಧರ್ಮಗಳ ವ್ಯತ್ಯಾಸವನ್ನು ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಗೇಬ್ರಿಯಲ್ ಪ್ರಬಂಧವೊಂದರಲ್ಲಿ ಚರ್ಚಿಸಿದ ಮೇಲೆ ಅದು ಪ್ರಸಿದ್ಧವಾಯಿತು.

ಯುನಿಕ್ಸಿನದೇ ಕವಲಾದ 1983ರ 4.2 ಬಿಎಸ್‌ಡಿ ಕೆಲವು ಕರೆಗಳನ್ನು ತಾನಾಗಿಯೇ ಮರುಆರಂಭಿಸತೊಡಗಿತು. ಆದರೆ ಅಲಾರಂ ಇಟ್ಟು ಕಾಯುವಿಕೆಯನ್ನು ಬೇಕೆಂದೇ ಮುರಿಯುವವರಿಗೆ ಇದು ತೊಡಕಾಯಿತು. 4.3 ಬಿಎಸ್‌ಡಿಯಲ್ಲಿ ಮರುಆರಂಭ ಬೇಕೇ ಬೇಡವೇ ಎಂಬ ಆಯ್ಕೆ ಪ್ರತಿ ಸಿಗ್ನಲ್‌ಗೂ ದೊರೆಯಿತು. ಇಂದಿನ ಎಸ್‌ಎ_ರಿಸ್ಟಾರ್ಟ್ ಫ್ಲ್ಯಾಗಿನ ಹಿಂದಿರುವುದು ಇದೇ ಕಥೆ. ಆ ಫ್ಲ್ಯಾಗ್ ಇದ್ದರೂ ಲಿನಕ್ಸಿನ ಸೆಲೆಕ್ಟ್, ಪೋಲ್ ಕರೆಗಳು ಮರುಆರಂಭವಾಗುವುದಿಲ್ಲ.

1995ರಲ್ಲಿ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ಗೆ ಥ್ರೆಡ್‌ಗಳು (ಒಂದೇ ಪ್ರೊಸೆಸ್‌ನೊಳಗೆ ಜೊತೆಯಾಗಿ ಓಡುವ ಎಳೆಗಳು) ಸೇರಿದಾಗ ತೊಡಕು ಹೆಚ್ಚಿತು. ಇಡೀ ಪ್ರೊಸೆಸ್‌ಗೆ ಬಂದ ಸಿಗ್ನಲನ್ನು, ಅದನ್ನು ತಡೆಹಿಡಿಯದ ಯಾವ ಥ್ರೆಡ್ಡಾದರೂ ಪಡೆಯಬಹುದು. ಯಾರ ಕರೆ ಮುರಿಯುತ್ತದೆಂದು ಮೊದಲೇ ಹೇಳಲಾಗದು. ಮುಖ್ಯ ಥ್ರೆಡ್ಡಿನಲ್ಲಿ ಸಿಗ್ನಲ್‌ಗಳನ್ನು ಮೊದಲೇ ತಡೆದು, ಆಮೇಲೆ ಉಳಿದ ಥ್ರೆಡ್‌ಗಳನ್ನು ಹುಟ್ಟಿಸಿ, ಒಂದೇ ಥ್ರೆಡ್ ಸಿಗ್‌ವೇಟ್‌ನಿಂದ ಅವನ್ನು ಸ್ವೀಕರಿಸುವಂತೆ ಮಾಡುವುದೇ ಅತ್ಯಂತ ನೆಮ್ಮದಿಯ ದಾರಿ. ಮಕ್ಕಳಿಗೆ ಲ್ಯಾಬಿನಲ್ಲಿ ಮೊದಲು ಕಲಿಸಬೇಕಾದದ್ದೂ ಇದನ್ನೇ.

ಭಾಷೆಗಳೂ ಹೊರೆ ಹಂಚಿಕೊಂಡವು. 2015ರ ಪೈಥಾನ್ 3.5 ತಡೆಬಿದ್ದ ಕರೆಗಳನ್ನು ತಾನೇ ಮತ್ತೆ ಮಾಡತೊಡಗಿತು. 2020ರ ಗೋ 1.14ರಲ್ಲಾದದ್ದು ಇದಕ್ಕೆ ತಿರುಗುಮುರುಗು: ಗೊರೂಟೀನ್ ಎಂಬ ತನ್ನ ಹಗುರ ಥ್ರೆಡ್‌ಗಳನ್ನು ನಡುವೆ ನಿಲ್ಲಿಸಲು ಸಿಗ್ನಲ್ ಬಳಸಿದ್ದರಿಂದ, ನೇರವಾಗಿ ಸಿಸ್ಟಂ ಕರೆ ಮಾಡುವ ಪ್ರೋಗ್ರಾಮ್‌ಗಳಿಗೆ ಇ-ಇಂಟರ್ ಹಿಂದೆಂದಿಗಿಂತ ಹೆಚ್ಚಾಗಿ ಕಾಣಿಸಿತು.

‘ಎರರ್ ಬಂದರೆ ಮತ್ತೆ ಕರೆ’ ಎಂಬ ಅಭ್ಯಾಸ ಒಂದು ಕಡೆ ಅಪಾಯ ತರುತ್ತದೆ. ಅದು ಫೈಲ್ ಮುಚ್ಚುವ ಕ್ಲೋಸ್ ಕರೆ. ಲಿನಕ್ಸಿನಲ್ಲಿ ಕ್ಲೋಸ್ ಇ-ಇಂಟರ್ ಹೇಳಿದರೂ ಫೈಲಿನ ಸಂಖ್ಯೆ ಅಷ್ಟರಲ್ಲೇ ಬಿಡುಗಡೆಯಾಗಿರುತ್ತದೆ. ಇನ್ನೊಂದು ಥ್ರೆಡ್ ಅದೇ ಕ್ಷಣ ಹೊಸ ಫೈಲ್ ತೆರೆದು ಅದೇ ಸಂಖ್ಯೆ ಪಡೆದಿದ್ದರೆ, ಎರಡನೆಯ ಕ್ಲೋಸ್ ಮುಚ್ಚುವುದು ಆ ಬಡಪಾಯಿಯ ಫೈಲನ್ನು! ಎಚ್‌ಪಿ-ಯುಎಕ್ಸ್ ಎಂಬ ಯುನಿಕ್ಸ್‌ನಲ್ಲಾದರೋ ಮತ್ತೆ ಕರೆಯಲೇಬೇಕು. ಈ ಗೊಂದಲ ಬಿಡಿಸಲೆಂದೇ 2024ರ ಪಾಸಿಕ್ಸ್ ಮಾನಕ, ಪಾಸಿಕ್ಸ್_ಕ್ಲೋಸ್ ಎಂಬ ಹೊಸ ಕರೆಯನ್ನು ಸೇರಿಸಿಕೊಂಡಿದೆ.